ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ: ಒಂದು ವಾಗ್ದಾನದ ದಾರಿ

ಕೊಲ್ಹಾಪುರ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಹಿರಣ್ಯಕೇಶಿ ನದಿಯ ದಂಡೆಯ ಮೇಲಿರುವ ಗಡಹಿಂಗ್ಲಜವು ವಾಚಕರಲ್ಲಿ ಅನೇಕರಿಗೆ ಬೆಲ್ಲ ಮತ್ತು ಮೆಣಸಿನಕಾಯಿಯ ಪೇಟೆಯೆಂದು ಪರಿಚಿತವಾಗಿದೆ. ಕಚೇರಿಯ ವ್ಯವಹಾರವೆಲ್ಲ ಮರಾಠಿಯಲ್ಲಿ ನಡೆದರೂ ಸಂತೆಯಲ್ಲಿ ಕನ್ನಡ ಕಿವಿಗೆ ಬೀಳದೆ ಇರದು. ಈ ಗಡಿಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯಾಧ್ಯಾಪಕರಾಗಿರುವ ನಮಗೆ ಎರಡೂ ಭಾಷೆಗಳು ಅನ್ನ ಕೊಟ್ಟ ಭಾಷೆಗಳೇ. ಆದರೆ ಕ್ರೈಸ್ತರಾದ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮಾತ್ರ ಅಜ್ಜನ ಕಾಲದಿಂದಲೂ ಕನ್ನಡದಲ್ಲಿಯೇ ನಡೆದು ಬಂದಿದೆ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡಿಯ ಸತ್ಯವೇದವು ಕನ್ನಡಕ್ಕೆ ಬಂದಿತ್ತಲ್ಲವೆ? ಆ ಪುಣ್ಯದಿಂದ ದೇವರ ವಾಗ್ದಾನಗಳನ್ನು ನಮ್ಮ ತಾಯಿ ತನ್ನ ನುಡಿಯಲ್ಲಿಯೇ ಬಾಯಿಪಾಠ ಮಾಡಿದ್ದಳು.

ಈ ಸಲದ ನಮ್ಮ ಪ್ರಯಾಣವು ವಿಹಾರಕ್ಕಾಗಿ ಇರಲಿಲ್ಲ. ನಮ್ಮ ಮನೆಯಾಕೆಯ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದೂ ಶಸ್ತ್ರಕ್ರಿಯೆ ಆಗಲೇಬೇಕೆಂದೂ ವೈದ್ಯರು ಹೇಳಿದ್ದರು. ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ ಮರುದಿನ ದಾಖಲಾಗಬೇಕಾಗಿತ್ತು. ಒಂದು ದಿನ ಮುಂಚಿತವಾಗಿಯೇ ಬೆಳಗಿನ ಎಸ್.ಟಿ. ಹತ್ತಿದೆವು.

ನಮ್ಮೂರ ಕಡೆಯಿಂದ ಕೊಲ್ಹಾಪುರಕ್ಕೆ ಹೆದ್ದಾರಿ ಹಿಡಿದು ಹೋಗುವವರು ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕಾಗುತ್ತದೆ. ಸಂಕೇಶ್ವರದಲ್ಲಿ ಕರ್ನಾಟಕವನ್ನು ಹೊಕ್ಕು, ತವಂದಿ ಘಾಟನ್ನು ಇಳಿದು, ಸ್ತವನಿಧಿಯ ಜೈನ ಕ್ಷೇತ್ರವನ್ನೂ ನಿಪ್ಪಾಣಿಯ ತಂಬಾಕಿನ ಹೊಲಗಳನ್ನೂ ಹಿಂದಿಕ್ಕಿ, ವೇದಗಂಗೆ ದೂಧಗಂಗೆಗಳನ್ನು ದಾಟಿ, ಕಾಗಲದ ಹತ್ತಿರ ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತೇವೆ. ಫಲಕಗಳ ಲಿಪಿ ಬದಲಾಗುತ್ತದೆ. ಕಬ್ಬು ಮಾತ್ರ ಎರಡೂ ಕಡೆಗೆ ಒಂದೇ. ನಮ್ಮ ಮನೆಯಾಕೆ ಕಿಟಕಿಯ ಬಳಿ ಕುಳಿತು ತುಟಿ ಅಲುಗಿಸುತ್ತಿದ್ದಳು. ಪ್ರಾರ್ಥಿಸುತ್ತಿರುವಳೆಂದು ತಿಳಿದು ನಾವು ಮಾತನಾಡಿಸಲಿಲ್ಲ.

ನಿಜ ಹೇಳಬೇಕೆಂದರೆ, ಆಕೆಯೊಡನೆ ಪ್ರಾರ್ಥಿಸುವ ಧೈರ್ಯ ನಮಗಿರಲಿಲ್ಲ. ಆರು ವರ್ಷಗಳ ಹಿಂದೆ ನಮ್ಮ ಹಿರಿಯ ಮಗನು ಜ್ವರದಿಂದ ಮಲಗಿದಾಗ ಮನೆಮಂದಿಯೆಲ್ಲ ಮೊಣಕಾಲೂರಿ ಬೇಡಿಕೊಂಡಿದ್ದೆವು. ಬೇಡಿದವರಿಗೆ ಕೊಡಲ್ಪಡುವುದೆಂಬ ವಾಗ್ದಾನವನ್ನು ದೇವರಿಗೇ ನೆನಪು ಮಾಡಿ ಕೊಟ್ಟಿದ್ದೆವು. ಹನ್ನೊಂದನೆಯ ದಿನ ಅವನು ನಮ್ಮನ್ನಗಲಿದನು. ಅಂದಿನಿಂದ ನಾವು ಸಭೆಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಏನನ್ನೂ ಬೇಡುವುದನ್ನು ಬಿಟ್ಟಿದ್ದೆವು.

ಕೊಲ್ಹಾಪುರಕ್ಕೆ ಬಂದಿಳಿದ ಮೇಲೆ ಆಕೆ ವಾಯ್ಲ್ಡರ್ ಸ್ಮಾರಕ ಚರ್ಚಿನಲ್ಲಿ ಅರ್ಧ ತಾಸು ಕುಳಿತುಕೊಳ್ಳಬೇಕೆಂದಳು. ಈ ದೇವಾಲಯದ ಹೆಸರಿನ ಹಿಂದೆ ಒಂದು ಕುಟುಂಬದ ಕಥೆಯಿದೆ. ಅಮೆರಿಕದ ರಾಯಲ್ ವಾಯ್ಲ್ಡರ್ ಮತ್ತು ಅವರ ಪತ್ನಿ ಎಲೈಝಾ ಅವರು 1852ರಲ್ಲಿ ಕೊಲ್ಹಾಪುರಕ್ಕೆ ಬಂದು ಕ್ರೈಸ್ತ ಸೇವೆಯನ್ನು ಆರಂಭಿಸಿದರು. ಅವರ ಮಗ ರಾಬರ್ಟ್ 1863ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಕುಟುಂಬವು ಸ್ವದೇಶಕ್ಕೆ ಮರಳಿದ ಮೇಲೆ ರಾಬರ್ಟ್ ಮತ್ತು ಅವರ ಅಕ್ಕ ಗ್ರೇಸ್ ಪ್ರಿನ್ಸ್‌ಟನ್ನಿನ ತಮ್ಮ ಮನೆಯಲ್ಲಿ, ಪರದೇಶಗಳಲ್ಲಿ ಸೇವೆ ಮಾಡಲು ವಿದ್ಯಾರ್ಥಿಗಳು ಮುಂದೆ ಬರಲೆಂದು ಪ್ರಾರ್ಥಿಸುತ್ತಿದ್ದರು. 1886ರ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬಲ್ಲಿ ವಿದ್ಯಾರ್ಥಿಗಳ ಸಮ್ಮೇಳನ ನೆರೆಯಿತು. ಅಲ್ಲಿ 100 ಮಂದಿ ಮುಂದೆ ಬರುವರೆಂದು ಗ್ರೇಸ್ ನಂಬಿದ್ದರು. ಕೊನೆಗೆ 99 ಮಂದಿ ಕೂಡಿ ಪ್ರಾರ್ಥಿಸುತ್ತಿದ್ದಾಗ ನೂರನೆಯವನು ಒಳಗೆ ಬಂದು ಅವರೊಡನೆ ಮೊಣಕಾಲೂರಿದನೆಂದು ಹೇಳುತ್ತಾರೆ.

ನಾವು ಈ ಕಥೆಯನ್ನು ಹಿಂದೆಯೂ ಓದಿದ್ದೆವು. ಓದಿದಾಗಲೆಲ್ಲ ಮನಸ್ಸಿನಲ್ಲಿ ಕಹಿಯೆದ್ದಿತ್ತು. ಅವರಿಗೆ ನೂರಕ್ಕೆ ನೂರು, ನಮಗೆ ಒಬ್ಬನೂ ಇಲ್ಲವೆ? ಆದರೆ ಅಂದು ಅಲ್ಲಿ ಕುಳಿತಾಗ ಕಥೆಯ ಉಳಿದ ಭಾಗವೂ ನೆನಪಾಯಿತು. ಮರುವರ್ಷವೇ, 1887ರಲ್ಲಿ, ತಂದೆ ರಾಯಲ್ ತೀರಿಕೊಂಡರು. ತಾವು ದುಡಿದ ಈ ನೆಲವನ್ನು ಅವರು ಮತ್ತೆ ಕಾಣಲಿಲ್ಲ. ವಿಧವೆಯಾದ ತಾಯಿಯೂ ಮಗಳು ಗ್ರೇಸಳೂ ಮಾತ್ರ ಈ ಸೀಮೆಗೆ ಮರಳಿ ಬಂದರು. ನೂರು ಜನರನ್ನು ಬೇಡಿ ಪಡೆದ ಮಗಳು, ತಂದೆಯ ಆಯುಷ್ಯವನ್ನು ಬೇಡಿರಲಿಕ್ಕಿಲ್ಲವೆ?

ಮಂದಿರದಲ್ಲಿ ಬೇರಾರೂ ಇರಲಿಲ್ಲ. ನಾವು ತಡೆಯಲಾರದೆ ಕೇಳಿದೆವು: “ಗುಣ ಆಗೇ ಆಗತೈತಿ ಅಂತ ನಿನಗ ನಂಬಿಕಿ ಐತೇನು?”

ಆಕೆ ಸೆರಗು ಸರಿಪಡಿಸಿಕೊಂಡು ಹೇಳಿದಳು: “ನಾ ಬದುಕತೀನಿ ಅಂತ ದೇವರು ಎಲ್ಲೆ ಬರಕೊಟ್ಟಾನ್ರೀ? ಸಂಗಡ ಇರ್ತೀನಿ ಅಂದಾನ. ಆ ಮಾತು ಹಿಡಕೊಂಡೀನಿ. ಮಗ ಹೋದಾಗೂ ಅದನ್ನ ಹಿಡಕೊಂಡಿದ್ದೆ.”

ನಮ್ಮ ಶಾಲೆಯ ಒಂದು ಪ್ರಸಂಗ ನೆನಪಿಗೆ ಬಂದಿತು. ವಿದ್ಯಾರ್ಥಿವೇತನದ ಪರೀಕ್ಷೆಗೆ ಹೆದರಿದ್ದ ಒಬ್ಬ ಹುಡುಗನಿಗೆ “ನಾನಿದ್ದೇನೆ, ಹೆದರಬೇಡ” ಎಂದಿದ್ದೆವು. ಅವನು ಅದನ್ನು “ಗುರುಗಳು ಪಾಸು ಮಾಡಿಸುತ್ತಾರೆ” ಎಂದು ತಿಳಿದು ಮನೆಯಲ್ಲೆಲ್ಲ ಹೇಳಿದ್ದನು. ನಪಾಸಾದಾಗ ಅತ್ತು, ನಾವು ಮಾತು ತಪ್ಪಿದೆವೆಂದನು. ನಾವು ತಪ್ಪಿರಲಿಲ್ಲ, ಅಂದು ಸಂಜೆಯಿಂದಲೇ ಅವನ ಪಕ್ಕದಲ್ಲಿ ಕುಳಿತು ಮರುವರ್ಷದ ಅಭ್ಯಾಸ ಮಾಡಿಸಿದೆವು. ದೇವರ ವಿಷಯದಲ್ಲಿ ನಾವೂ ಆ ಹುಡುಗನಂತೆಯೇ ಆಗಿದ್ದೆವೇನೋ! ಆಡದ ಮಾತನ್ನು ಆಡಿದನೆಂದು ತಿಳಿದು, ಆಡಿದ ಮಾತನ್ನು ಮರೆತಿದ್ದೆವು. ಗೆತ್ಸೆಮನೆಯ ತೋಟದಲ್ಲಿ ಕ್ರಿಸ್ತನೇ ತನ್ನ ಪಾತ್ರೆಯು ತೊಲಗಲೆಂದು ಬೇಡಿದನು. ಪಾತ್ರೆ ತೊಲಗಲಿಲ್ಲ. ಆದರೂ ಆತನು ತಂದೆಯನ್ನು ತಂದೆಯೆಂದೇ ಕರೆದನು.

ಇದರಿಂದ ಮಗನನ್ನು ಕಳೆದುಕೊಂಡ ದುಃಖವು ಹಗುರವಾಯಿತೆಂದು ಬರೆದರೆ ಅದು ಸುಳ್ಳಾದೀತು. ಅವನು ಏಕೆ ಹೋದನೆಂಬುದಕ್ಕೆ ಉತ್ತರ ನಮಗೆ ಇಂದಿಗೂ ದೊರೆತಿಲ್ಲ. ಆದರೆ ಆ ಮಧ್ಯಾಹ್ನ, ಆರು ವರ್ಷಗಳ ತರುವಾಯ, ಆಕೆಯ ಪಕ್ಕದಲ್ಲಿ ಮೊಣಕಾಲೂರಿ ಬಾಯಿಬಿಟ್ಟು ಬೇಡಿದೆವು. ಗುಣವಾಗಲೆಂದೂ ಬೇಡಿದೆವು, ಆಗದಿದ್ದರೆ ಕೈ ಬಿಡಬೇಡವೆಂದೂ ಬೇಡಿದೆವು. ಗೋಡೆಗಳು ಮರಾಠಿ ಪ್ರಾರ್ಥನೆಗೆ ಒಗ್ಗಿದ್ದರೂ ನಮ್ಮ ಕನ್ನಡವನ್ನು ಬೇಡವೆನ್ನಲಿಲ್ಲ.

ಶಸ್ತ್ರಕ್ರಿಯೆ ಸುಸೂತ್ರವಾಗಿ ಆಯಿತು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕೆಂದು ವೈದ್ಯರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಅವರು ಕೊಟ್ಟಿಲ್ಲ, ನಾವು ಕೇಳಲೂ ಇಲ್ಲ. ಹದಿನೈದು ದಿನಗಳ ನಂತರ ಅದೇ ದಾರಿಯಿಂದ ಎರಡು ಸಲ ಗಡಿ ದಾಟಿ ಊರಿಗೆ ಮರಳಿದೆವು. ಹಿರಣ್ಯಕೇಶಿಯ ಸೇತುವೆಯ ಮೇಲೆ ಬಂದಾಗ ಸಂಜೆಯಾಗಿತ್ತು. ಗಾಣದ ಮನೆಯ ಬೆಲ್ಲದ ವಾಸನೆ ಗಾಳಿಯಲ್ಲಿ ತೇಲಿ ಬಂದಿತು. ಮನೆಗೆ ಹೋಗಿ ದೀಪ ಹಚ್ಚಿದ ಮೇಲೆ ಪ್ರಾರ್ಥನೆಗೆ ಯಾರು ಮೊದಲು ಮಾಡುವುದೆಂದು ಆಕೆ ನಮ್ಮ ಮುಖ ನೋಡಿದಳು. ನಾವೇ ಮೊದಲು ಮಾಡಿದೆವು.