ಗೇಣುದ್ದದ ಉಗಿಬಂಡಿ

ರೈಲಿಗೆ ಕನ್ನಡದಲ್ಲಿ ಹೊಗೆಬಂಡಿ, ಉಗಿಬಂಡಿ ಎಂಬ ಎರಡು ಹೆಸರುಗಳು ಬಳಕೆಗೆ ಬಂದಿದ್ದವು. ಮೊದಲನೆಯದು ಕಣ್ಣಿಗೆ ಕಂಡದ್ದನ್ನು ಹೇಳಿದರೆ ಎರಡನೆಯದು ಎಳೆಯುವ ಶಕ್ತಿ ಯಾವುದೆಂಬುದನ್ನು ಹೇಳಿತು. ತರಗತಿಯಲ್ಲಿ ನಾನು ಪದರಚನೆಗೆ ಕೊಡುತ್ತಿದ್ದ ಈ ಉದಾಹರಣೆಗೆ ಮೈ ಬಂದದ್ದು, ಹೊಗೆಯೇ ಇಲ್ಲದ, ಬ್ಯೂಟೇನ್ ಅನಿಲದಿಂದ ನೀರು ಕಾಯಿಸಿಕೊಂಡು ನಿಜವಾದ ಉಗಿಯಿಂದಲೇ ಓಡುವ ಗೇಣುದ್ದದ ಎಂಜಿನ್ನೊಂದು ಮುಂಬಯಿಯ ನಮ್ಮ ಮನೆಗೆ ಬಂದಾಗ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ಅಜ್ಜನಿಗೆಂದು ತಂದಿದ್ದ. ನನ್ನ ತಂದೆಯವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1885ರಲ್ಲಿ ಆರಂಭವಾದ ಆ ಕಾರ್ಖಾನೆಯ ಕೆಲಸವನ್ನು ಅವರು ಗೇಟಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು. ಅದರ ಮಾತು ನಮ್ಮ ಕಿವಿಗೆ ಬಿದ್ದದ್ದೇ ಕಡಿಮೆ. ತಾಯಿಯವರು ತೀರಿಕೊಂಡ ಮೇಲೆ ಅವರು ನಮ್ಮಲ್ಲಿಗೆ ಬಂದರು. ಆ ವೇಳೆಗಾಗಲೇ ಅವರ ನೋಟದ ನಡುಭಾಗ ಮಸುಕಾಗಿತ್ತು. ಉಳಿದದ್ದೂ ಬಹಳ ಕಾಲ ಉಳಿಯುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ್ದರು. ಕಿವಿ ಮಾತ್ರ ಚುರುಕಾಗಿತ್ತು.

ಬಂದ ಎಂಜಿನ್ ಓಡಲಿಲ್ಲ. ಅದಕ್ಕೆ ಬೆಂಕಿ ತೋರಿಸಲು ನಾನು ಹೊರಟಾಗ ತಂದೆಯವರು ತಡೆದು, ಮೊದಲು ಬಾಯ್ಲರಿನ ಪರೀಕ್ಷೆಯಾಗಲಿ ಎಂದರು. ಉಪನಗರದ ಲೇತ್ ಅಂಗಡಿಯೊಂದರಲ್ಲಿ ಅದಕ್ಕೆ ತಣ್ಣೀರು ತುಂಬಿ, ಗಾಳಿಯ ಗುಳ್ಳೆಯೂ ಉಳಿಯದಂತೆ ಮಾಡಿ, ಪಂಪಿನಿಂದ ಒತ್ತಡ ಕೊಡಿಸಿದರು. ಕೆಲಸದ ಒತ್ತಡ ಚದರ ಅಂಗುಲಕ್ಕೆ 40 ಪೌಂಡು. ಪರೀಕ್ಷೆ ಅದರ ಒಂದೂವರೆ ಪಟ್ಟಿಗೆ. “ನೀರಾದ್ರ ಸೋರತದ ತಮ್ಮಾ, ಉಗಿ ಆದ್ರ ಸಿಡೀತದ” ಎಂಬುದು ಅವರ ವಿವರಣೆ. ಇಡೀ ಭೌತಶಾಸ್ತ್ರ ಅದರಲ್ಲಿತ್ತು.

ಮುಂದಿನ ತೊಡಕು ಬೆಂಕಿಯದು. ಉರಿ ಬಾಯ್ಲರಿನ ನಳಿಗೆಯೊಳಗೆ ನೆಲೆಸದೆ ಮುಂದಿನ ಹೊಗೆಪೆಟ್ಟಿಗೆಯಲ್ಲೇ ಭೋರಿಡುತ್ತಿತ್ತು, ಇಲ್ಲವೆ ಹಾರಿಹೋಗುತ್ತಿತ್ತು. ಅನಿಲ ಆವಿಯಾಗುತ್ತ ತನ್ನ ತೊಟ್ಟಿಯನ್ನು ತಣ್ಣಗಾಗಿಸುತ್ತದೆ, ಒತ್ತಡ ಇಳಿಯುತ್ತದೆ; ಆದ್ದರಿಂದ ತೊಟ್ಟಿಯನ್ನು ಬೆಚ್ಚಗಿಡಬೇಕೆಂದು ಅಲ್ಲಿಯ ಹವ್ಯಾಸಿಗಳು ಹೇಳುತ್ತಾರೆ. ಅದು ಚಳಿನಾಡಿನ ಮಾತು. ಮೇ ತಿಂಗಳ ಮುಂಬಯಿಯ ತಾರಸಿಯ ಮೇಲೆ ಒತ್ತಡ ಮೊದಲಿಗೇ ಹೆಚ್ಚು. ಕವಾಟವನ್ನು ಕೂದಲೆಳೆಯಷ್ಟು ತೆರೆದು, ಉರಿ ಒಳಗಿಳಿದ ಸದ್ದು ಕೇಳಿದ ಮೇಲಷ್ಟೇ ಹೆಚ್ಚಿಸಬೇಕಾಯಿತು. ಅನಿಲದ ಸೂಕ್ಷ್ಮರಂಧ್ರದಲ್ಲಿ ಕಸವೂ ಇತ್ತು. ಸೂಜಿ ಚುಚ್ಚಿದರೆ ರಂಧ್ರ ಹಿಗ್ಗುತ್ತದೆಂದು ಹಿಂದಿನಿಂದ ಊದಿಯೇ ತೆಗೆಸಿದರು. ಒಂದು ಸಲಕ್ಕೆ ಒಂದೇ ರಿಪೇರಿ ಎಂಬುದು ಅವರ ಕಟ್ಟುನಿಟ್ಟು. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಗ್ರಂಥಸಂಪಾದನೆ ಮಾಡುವವರಲ್ಲಿ ಇಷ್ಟು ಸಂಯಮವನ್ನು ನಾನು ಹೆಚ್ಚು ಕಂಡಿಲ್ಲ.

ಕೊನೆಗೆ ಎಂಜಿನ್ ಚಲಿಸಿತು, ಕುಂಟುತ್ತ. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಉಸಿರು ಸಮವಾಗಿ ಬರಬೇಕು. ಇಲ್ಲಿ ಬಲಗಡೆಯ ಒಂದು ಉಸಿರು ಸೋಲುತ್ತಿತ್ತು. ಎಂಜಿನ್ ತಮ್ಮೆದುರು ಹಾದುಹೋದ ಎರಡನೆಯ ಸುತ್ತಿಗೇ ತಂದೆಯವರು, ಬಲಗಡೆಯ ಜಾರುಕವಾಟ ನಡುವಿನಲ್ಲಿಲ್ಲ ಎಂದರು. ಉಗಿಪೆಟ್ಟಿಗೆಯ ಮುಚ್ಚಳ ತೆಗೆದೆ. ಪಿಸ್ಟನ್ನು ಮುಂದಿನ ಕೊನೆಗೆ ಬಂದಾಗ ಮುಂದಿನ ಉಗಿದಾರಿ, ಹಿಂದಿನ ಕೊನೆಗೆ ಬಂದಾಗ ಹಿಂದಿನದು ಒಂದೇ ಅಳತೆಯಲ್ಲಿ ಬಾಯ್ದೆರೆಯಬೇಕು. ಅಳೆಯಲು ಉತ್ತರಪತ್ರಿಕೆಯ ಕಾಗದದ ಚೂರುಗಳೇ ಸಾಧನ. ಒಂದರ ದಪ್ಪ ಸುಮಾರು 0.1 ಮಿಲಿಮೀಟರು. ಮುಂದೆ ನಾಲ್ಕು ಹಾಳೆ ಹಿಡಿದವು, ಹಿಂದೆ ಒಂದೂ ಇಲ್ಲ.

“ಫರಕಿನ ಅರ್ಧ ಅಷ್ಟ ಸರಸು” ಎಂದರು. ಒಂದು ಕಡೆ ತೆಗೆದದ್ದು ಇನ್ನೊಂದು ಕಡೆ ಸೇರುವುದರಿಂದ ಅರ್ಧವೇ ಸಾಕು. ಕವಾಟದ ಸರಳಿನ ತಿರುಪಿಗೆ ಒಂದು ಸುತ್ತಿಗೆ 0.4 ಮಿಲಿಮೀಟರು, ಅರ್ಧ ಸುತ್ತು ತಿರುಗಿಸಿದೆ. ಕಾಣದ ಕಣ್ಣಿನವರು ಬೆರಳ ತುದಿಯಿಂದ ನನ್ನ ಬೆರಳನ್ನು ಹಿಡಿದು ತಿರುವು ಸರಿಯಾಯಿತೇ ಎಂದು ನೋಡಿದರು. ಅರವತ್ತರ ಹತ್ತಿರವಿರುವ ಮಗನ ಕೈಯನ್ನು ಅವರು ಹಾಗೆ ಹಿಡಿದದ್ದು ಅದೇ ಮೊದಲು.

ಗಾತ್ರ ಕುಗ್ಗಿಸಿದ ಮಾತ್ರಕ್ಕೆ ಪ್ರಕೃತಿಯ ನಿಯಮ ಕುಗ್ಗುವುದಿಲ್ಲ. ಉದ್ದವನ್ನು ಇಪ್ಪತ್ತನೆಯ ಒಂದು ಮಾಡಿದರೆ ಮೇಲ್ಮೈ 400ರಲ್ಲೊಂದಾಗುತ್ತದೆ, ಗಾತ್ರ 8,000ದಲ್ಲೊಂದು. ಹೀಗೆ ಹಿಡಿದ ಶಾಖಕ್ಕಿಂತ ಕಳೆಯುವ ಮೈಯೇ ದೊಡ್ಡದಾಗಿ, ತಣ್ಣನೆಯ ಸಿಲಿಂಡರು ಹೊಕ್ಕ ಉಗಿ ನೀರಾಗುತ್ತದೆ. ದೊಡ್ಡ ಎಂಜಿನ್ನಿನಲ್ಲಿ ಆ ನೀರು ಬಿಡಲು ಕೊಳಾಯಿಗಳಿರುತ್ತಿದ್ದವು, ನಮ್ಮದರಲ್ಲಿ ಇಲ್ಲ. ಕೈಯಿಂದಲೇ ಮೆಲ್ಲನೆ ಹಿಂದೆಮುಂದೆ ದೂಡಿದರೆ ಚಿಮಣಿಯಿಂದ ಬಿಸಿನೀರು ಉಗುಳಿ ಹಗುರಾಗುತ್ತದೆ.

ಈಗ ನಾಲ್ಕು ಉಸಿರೂ ಸಮವಾಗಿವೆ. ಭಾನುವಾರ ಸಂಜೆ ತಾರಸಿಯಲ್ಲಿ ಕಟ್ಟಡದ ಮಕ್ಕಳು ಸುತ್ತ ಕೂರುತ್ತಾರೆ. ತಂದೆಯವರು ಅವರಿಗೆ ಹುಬ್ಬಳ್ಳಿಯ ಕನ್ನಡದಲ್ಲೇ, ನಡುನಡುವೆ ಹಿಂದಿ ಸೇರಿಸಿ, ಗ್ಲ್ಯಾಂಡು, ಪ್ಯಾಕಿಂಗು, ಕ್ರ್ಯಾಂಕುಗಳನ್ನು ವಿವರಿಸುತ್ತಾರೆ. ನಾನು ಬದಿಯಲ್ಲಿ ಕುಳಿತು ಬರೆದುಕೊಳ್ಳುತ್ತೇನೆ. ಎಡಗಡೆಯ ಗ್ಲ್ಯಾಂಡಿನಿಂದ ಇನ್ನೂ ತುಸು ಉಗಿ ಸೋರುತ್ತದೆ. ಬಿಗಿಮಾಡಲೇ ಎಂದು ಕೇಳಿದ್ದಕ್ಕೆ, ಬೇಡ, ಬಿಗಿದರೆ ಸರಳು ಹಿಡಿಯುತ್ತದೆ, ಆ ಸದ್ದಿನಿಂದಲೇ ಎಂಜಿನ್ ಎಲ್ಲಿದೆ ಎಂದು ತನಗೆ ಗೊತ್ತಾಗುವುದು ಎಂದರು.