ಮೈದಾನದಲ್ಲಿ ನಿಂತು ‘ನಂಬರ್ ಏಳು’ ಎಂದು ಕೂಗಿದ್ದು

ಪಣಜಿಯ ನಮ್ಮ ಶಾಲೆಯ ಕಟ್ಟಡದಲ್ಲಿ ಮರಾಠಿ ಮಾಧ್ಯಮದ ಮಕ್ಕಳೂ ಕನ್ನಡದ ಮಕ್ಕಳೂ ಒಟ್ಟಿಗೇ ಪ್ರಾರ್ಥನೆಗೆ ನಿಲ್ಲುತ್ತಾರೆ. ಎರಡಕ್ಕೂ ಕಂಪ್ಯೂಟರ್ ಒಂದೇ, ಲಿನಕ್ಸ್ ಹಾಕಿದ ಹಳೇ ಯಂತ್ರ. ಬೋನಾಫೈಡ್ ಸರ್ಟಿಫಿಕೇಟ್ ಪ್ರಿಂಟ್ ಮಾಡಲು ಅದರಲ್ಲೊಂದು ಸೆಟ್ಟಿಂಗ್ ಫೈಲ್ ಇದೆ. ಚೌಕ ಕಂಸದೊಳಗೆ ‘ಕನ್ನಡ’ ಎಂಬ ತಲೆಬರಹ, ಕೆಳಗೆ ಫಾಂಟ್ ಸಮ ಇಂಥದ್ದು, ಅಂಚು ಸಮ ಇಷ್ಟು ಎಂಬ ಸಾಲುಗಳು. ಆಮೇಲೆ ‘ಮರಾಠಿ’ ತಲೆಬರಹ, ಅಲ್ಲೂ ಅದೇ ಫಾಂಟ್, ಅದೇ ಅಂಚು.

ಕನ್ನಡದ ಫಾಂಟ್ ಬದಲಿಸೋಣವೆಂದು ನಾವು ‘ಸೆಡ್’ಗೆ ಆಜ್ಞೆ ಕೊಟ್ಟೆವು... ಫಾಂಟ್ ಎಂದು ಶುರುವಾಗುವ ಸಾಲು ತಿದ್ದು ಎಂದು. ಅದು ಎರಡನ್ನೂ ತಿದ್ದಿತು! ಮರುದಿನ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಬಂದಿದ್ದ ತಾಯಿಯೊಬ್ಬರಿಗೆ ಸಿಕ್ಕಿದ್ದು, ಮಗಳ ಹೆಸರಿನ ಜಾಗದಲ್ಲಿ ಸಾಲು ಸಾಲು ಡಬ್ಬಿಗಳು. ಮರಾಠಿಯ ಬಾಯಿಯವರು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗಡಿಯಾಚೆ ಕನ್ನಡ ಕಲಿಸುವವರಿಗೆ ಈ ಸಂಕಟ ಗೊತ್ತು, ನಮ್ಮ ಭಾಗ ಸರಿಮಾಡಲು ಹೋಗಿ ಇನ್ನೊಬ್ಬರದ್ದು ಕೆಡಿಸಿದ್ದೆವು.

ತಪ್ಪು ಸೆಡ್‌ನದ್ದಲ್ಲ. ಅದಕ್ಕೆ ನಾವು ಹೇಳಿದ್ದು ಸಾಲಿನ ಗುರುತು ಮಾತ್ರ, ತಲೆಬರಹ ಹೇಳಲೇ ಇಲ್ಲ. ಮೈದಾನದಲ್ಲಿ ನಿಂತು ‘ನಂಬರ್ ಏಳು’ ಎಂದು ಕೂಗಿದರೆ ಪ್ರತಿ ತರಗತಿಯಿಂದಲೂ ಒಂದೊಂದು ಮಗು ಓಡಿ ಬರುವುದಿಲ್ಲವೇ?

ಈ ಕೆಲಸಕ್ಕೆ ‘ಆಕ್’ ಒಳ್ಳೆಯದು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಹನ್ ಮೂವರು ಮಾಡಿದ್ದು, ಅವರ ಮೊದಲಕ್ಷರಗಳೇ ಅದರ ಹೆಸರು. ಅದಕ್ಕೆ ಹೀಗೆ ಹೇಳಬೇಕು: ಚೌಕ ಕಂಸದಿಂದ ಶುರುವಾಗುವ ಸಾಲು ಬಂದರೆ, ಅದು ‘ಕನ್ನಡ’ವೇ ನೋಡು. ಹೌದಾದರೆ ಗುರುತಿಗೆ ಒಂದು, ಅಲ್ಲದಿದ್ದರೆ ಸೊನ್ನೆ. ಗುರುತು ಒಂದಾಗಿದ್ದು, ಸಮ ಚಿಹ್ನೆಯ ಎಡಕ್ಕೆ ‘ಫಾಂಟ್’ ಇದ್ದರೆ ಮಾತ್ರ ತಿದ್ದು. ಉಳಿದ ಸಾಲುಗಳನ್ನು ಇದ್ದಂತೆಯೇ ಬರೆ.

ಇದರಲ್ಲೂ ಎರಡು ಸಲ ಎಡವಿದೆವು. ಚೌಕ ಕಂಸಕ್ಕೆ ಈ ಉಪಕರಣಗಳಲ್ಲಿ ‘ಒಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದು’ ಎಂಬ ಬೇರೆ ಅರ್ಥವಿದೆ. ಹಿಂದೆ ಓರೆಗೆರೆ ಹಾಕದಿದ್ದರೆ ಸಂಬಂಧವಿಲ್ಲದ ಸಾಲುಗಳೂ ಸಿಕ್ಕಿಬೀಳುತ್ತವೆ. ಇನ್ನೊಂದು, ‘ಕನ್ನಡ ತಲೆಬರಹದಿಂದ ಮುಂದಿನ ಕಂಸದವರೆಗೆ’ ಎಂದು ಆಕ್‌ಗೆ ಹೇಳಿದರೆ ಅದು ತಲೆಬರಹದ ಸಾಲಿನಲ್ಲೇ ನಿಂತುಬಿಡುತ್ತದೆ, ಏಕೆಂದರೆ ಆ ಸಾಲಿನಲ್ಲೂ ಕಂಸವಿದೆಯಲ್ಲ! ಸೆಡ್ ಆದರೆ ಕೊನೆಯನ್ನು ಮುಂದಿನ ಸಾಲಿನಿಂದ ಹುಡುಕುತ್ತದೆ. ಈ ವ್ಯತ್ಯಾಸ ತಿಳಿಯಲು ನಮಗೆ ಒಂದು ಭಾನುವಾರ ಪೂರ್ತಿ ಹೋಯಿತು.

ಈಗ ಮೂಲ ಫೈಲನ್ನು ನೇರ ಮುಟ್ಟುವುದಿಲ್ಲ. ತಿದ್ದಿದ್ದನ್ನು ಹೊಸ ಫೈಲಿಗೆ ಬರೆಸಿ, ‘ಡಿಫ್’ನಿಂದ ಎರಡನ್ನೂ ಹೋಲಿಸಿ, ಒಂದೇ ಸಾಲು ಬದಲಾಗಿದೆ ಎಂದು ಖಾತ್ರಿಯಾದ ಮೇಲೇ ಹಳೆಯದರ ಜಾಗಕ್ಕೆ ಹಾಕುತ್ತೇವೆ. ಆ ಸರ್ಟಿಫಿಕೇಟನ್ನು ಅಂದೇ ಸಂಜೆ ನಾವೇ ಮಾರ್ಕೆಟ್ಟಿಗೆ ಒಯ್ದು ಕೊಟ್ಟು ಬಂದೆವು. ಬಾಯಿಯವರು ಮಾತ್ರ ನಾವು ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ನಗುತ್ತಾ ಕೇಳುತ್ತಾರೆ: “ಸರ್, ನಮ್ಮದು ಮುಟ್ಟಿಲ್ಲ ತಾನೇ?”