ಯೋಧನ ಇರುಳು ಮತ್ತು ಗಾಂಜಾದ ಮರೆವು

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದು ಆತನ ಕಾಯಕ. 'ಧರ್ಮೇಶ್ವರಲಿಂಗ' ಆತನ ವಚನಾಂಕಿತ. ಅಮಲನ್ನು ಹತ್ತಿರದಿಂದ ಬಲ್ಲ ಈತನನ್ನು ಶರಣಸಂಕುಲವು ಹೊರಗೆ ನಿಲ್ಲಿಸಲಿಲ್ಲ. ಈ ಮಾತನ್ನು ನೆನಪಿನಲ್ಲಿರಿಸಿಕೊಂಡು ಸದ್ಭಕ್ತರು ಇಂದಿನ ಒಂದು ಸಂಕಟವನ್ನು ನೋಡಬೇಕಾಗಿದೆ. ಅದು ಸೈನಿಕರ ಮನೋವ್ಯಥೆ ಮತ್ತು ಅದಕ್ಕೆ ಅವರಲ್ಲಿ ಕೆಲವರು ಕಂಡುಕೊಳ್ಳುವ ಗಾಂಜಾ.

ಬಂಟ್ವಾಳದಿಂದ ಮೂಡುಬಿದಿರೆಯತ್ತ ಸಾಗುವ ಹಾದಿಯಲ್ಲಿ ಸಿದ್ಧಕಟ್ಟೆ ಇದೆ. ಅಡಿಕೆ ತೋಟಗಳ, ಬೀಡಿ ಕಟ್ಟುವ ಮನೆಗಳ ನಾಡು. ಇಂಥ ಊರಿಗೆ ಹದಿನೈದು ಹದಿನೇಳು ವರ್ಷಗಳ ಸೇವೆ ಮುಗಿಸಿ ಮರಳುವ ಸಿಪಾಯಿಗೆ ಎಷ್ಟೋ ಸಲ ನಲವತ್ತೂ ತುಂಬಿರುವುದಿಲ್ಲ. ಸನ್ಮಾನ, ಹಾರ, ಶಾಲು ಮುಗಿಯುತ್ತವೆ, ಇರುಳುಗಳು ಉಳಿಯುತ್ತವೆ. ಕಂಡದ್ದೇ ಕನಸಿನಲ್ಲಿ ಮತ್ತೆ ಬರುತ್ತದೆ, ಮದುವೆಮನೆಯ ಪಟಾಕಿಗೆ ಮೈ ಬೆವರುತ್ತದೆ. ಹೇಳಿಕೊಂಡರೆ, "ಮಿಲಿಟ್ರಿಯವರಿಗೆ ಎಂಥ ಹೆದರಿಕೆ ಮಾರಾಯ್ರೇ" ಎಂದು ನೆರೆಯವರು ನಗುತ್ತಾರೆ. ಆ ನಗೆಯೇ ಅವನ ಬಾಯಿ ಮುಚ್ಚಿಸುವುದು. ಆಸ್ಪತ್ರೆಯ ಬಾಗಿಲಿಗೆ ಹೋಗಲು ನಾಚುವವನಿಗೆ ಗೆಳೆಯನೊಬ್ಬನ ಚಿಲುಮೆ ಸುಲಭವಾಗಿ ತೋರುತ್ತದೆ.

ಭಾರತೀಯ ಸೈನಿಕರ ವಿಷಯದಲ್ಲಿ ಗಾಂಜಾಕ್ಕಿಂತ ಕ್ಯಾಂಟೀನಿನ ರಮ್ಮಿನ ಮಾತೇ ಹೆಚ್ಚು ಕೇಳಿಬರುವುದು ನಿಜ. ಆದರೆ ಗಾಂಜಾ ಈ ನಾಡಿಗೆ ಅಪರಿಚಿತವಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಶೇಕಡಾ 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಒಂದನ್ನಾದರೂ ಬಳಸಿದ್ದರು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಇದು ಪ್ರಸಾದವೆಂದು ಸಲ್ಲುವ ಸಂಗತಿ 2020ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ದೈವದ ಹೆಸರು ಸೇರಿದೊಡನೆ ವಸ್ತುವಿನ ಗುಣ ಬದಲಾಗುವುದಿಲ್ಲ.

ಆ ಗುಣವಾದರೂ ಎಂಥದು? ಗಾಂಜಾ ಆರಂಭದಲ್ಲಿ ನಿದ್ರೆಯನ್ನು ಬೇಗ ತರುತ್ತದೆ, ಕನಸು ಕಾಣುವ ನಿದ್ರೆಯನ್ನು ಕುಗ್ಗಿಸುತ್ತದೆ. ದುಃಸ್ವಪ್ನದಿಂದ ಬೆಂದವನಿಗೆ ಇದು ವರವೆಂದೇ ತೋರುವುದು ಸಹಜ. ಬಿಡಲು ಹೊರಟಾಗ ನಿಜಸ್ಥಿತಿ ತಿಳಿಯುತ್ತದೆ. ಒಂದೆರಡು ದಿನಗಳಲ್ಲಿ ಸಿಡುಕು, ತಳಮಳ, ನಿದ್ರಾಹೀನತೆ ತೊಡಗಿ ಮೊದಲ ವಾರದಲ್ಲಿ ಏರುತ್ತವೆ. ತಡೆಹಿಡಿದಿದ್ದ ಕನಸುಗಳು ಮೊದಲಿಗಿಂತ ಉಗ್ರವಾಗಿ ಮರಳುತ್ತವೆ. ಇದು ಬಿಟ್ಟದ್ದರ ಬಾಧೆ ಎಂದು ಅರಿಯದ ಯೋಧನು, "ನೋಡಿ, ಅದು ಮದ್ದೇ ಆಗಿತ್ತು" ಎಂದು ಮತ್ತೆ ಸೇದುತ್ತಾನೆ. ಶರಣರು ಅರಿವು ಮತ್ತು ಮರೆವುಗಳನ್ನು ಬೇರ್ಪಡಿಸಿ ನೋಡಿದ್ದು ಇಲ್ಲಿ ಬೆಳಕಾಗುತ್ತದೆ: ಮರೆತ ಗಾಯವು ಮಾಯ್ದ ಗಾಯವಲ್ಲ.

ಅಮೆರಿಕದಲ್ಲಿ ಯುದ್ಧಾನಂತರದ ಆಘಾತದಿಂದ ಬಳಲುವ ಮಾಜಿ ಸೈನಿಕರಿಗೆ ಗಾಂಜಾ ಸೇದಿಸಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಮಲಿನ ಅಂಶ ತೆಗೆದ ಸೊಪ್ಪನ್ನು ಸೇದಿದವರೂ ನಿಜವಾದ ಗಾಂಜಾ ಸೇದಿದವರಷ್ಟೇ ಚೇತರಿಸಿಕೊಂಡಿದ್ದರು. ಅಲ್ಲಿಯ ರಕ್ಷಣಾ ಇಲಾಖೆ ಮತ್ತು ಮಾಜಿ ಸೈನಿಕರ ಇಲಾಖೆಗಳ 2023ರ ಚಿಕಿತ್ಸಾ ಮಾರ್ಗಸೂಚಿಯು ಈ ವ್ಯಾಧಿಗೆ ಗಾಂಜಾ ಬೇಡವೆಂದೇ ಹೇಳುತ್ತದೆ; ಆಘಾತವನ್ನು ಮಾತಿನಲ್ಲಿ ಎದುರಿಸುವ ಮನಶ್ಚಿಕಿತ್ಸೆಗೆ ಅಗ್ರಸ್ಥಾನ ನೀಡುತ್ತದೆ. ಕೆನಡಾದ ದಾರಿ ಬೇರೆ: ಅಲ್ಲಿ ವೈದ್ಯರ ಒಪ್ಪಿಗೆಯಿದ್ದ ಮಾಜಿ ಸೈನಿಕರಿಗೆ ಸರ್ಕಾರವೇ ವೆಚ್ಚ ಭರಿಸುತ್ತ ಬಂದಿದೆ. ಆದರೂ ದಿನಕ್ಕೆ 10 ಗ್ರಾಂವರೆಗಿದ್ದ ಮಿತಿಯನ್ನು 3 ಗ್ರಾಮಿಗೆ ಇಳಿಸುವುದಾಗಿ 2016ರಲ್ಲಿ ಪ್ರಕಟಿಸಬೇಕಾಯಿತು.

ಹೊರನಾಡಿನ ಈ ಚರ್ಚೆಗಿಂತ ಸಿದ್ಧಕಟ್ಟೆಯ ಯೋಧನಿಗೆ ಮುಖ್ಯವಾದುದು ಅವನ ಭಯ. ವೈದ್ಯರ ಮುಂದೆ "ಸೇದುತ್ತೇನೆ" ಎಂದರೆ ಪೊಲೀಸರು ಬಂದಾರೆಂದೂ ಪಿಂಚಣಿ ಹೋದೀತೆಂದೂ ಅಂಜಿ ಅವನು ಅರ್ಧ ಸತ್ಯವನ್ನಷ್ಟೇ ಹೇಳುತ್ತಾನೆ. ಅರ್ಧ ಸತ್ಯಕ್ಕೆ ಬರೆದ ಔಷಧಿ ಅರ್ಧವೇ ನಾಟುತ್ತದೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಸೇವನೆ ಅಪರಾಧವೇ ಸರಿ. ಆದರೆ ಅದೇ ಕಾಯ್ದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಅವನ ಮೇಲೆ ಮೊಕದ್ದಮೆ ನಡೆಯದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯ ಮಾತನ್ನು ಗುಟ್ಟಾಗಿಡುವ ಹೊಣೆಯನ್ನು ವೈದ್ಯರಿಗೆ ವಹಿಸಿದೆ. ಈ ಎರಡು ವಿಷಯಗಳನ್ನು ಮನೆಯವರು ತಿಳಿದಿದ್ದರೆ ಎಷ್ಟೋ ಕೆಲಸ ಹಗುರಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಅದರ ಒಂದು ಘಟಕವೂ ತೆರೆಯಿತು. ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.